ಡಿವೋರ್ಸ್ ಆದ ಮೇಲೆ ಮಗುವನ್ನು ಕರೆದುಕೊಂಡು ಬೇರೆ ಊರಿಗೆ ಹೋಗಲು ತಂದೆಯ ಒಪ್ಪಿಗೆ ಬೇಕೇ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಗಿದೆ. ಎಂಟು ವರ್ಷದ ಮಗಳು ನಿಮ್ಮ ಸುಪರ್ದಿಯಲ್ಲಿದ್ದಾಳೆ, ತಂದೆಗೆ ಎರಡು ವಾರಕ್ಕೊಂದು ಶನಿವಾರ ಭೇಟಿ. ಈಗ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಮುಂದೆ ಕಂಪನಿ ಜರ್ಮನಿಗೂ ಕಳಿಸಬಹುದು. ಅವರನ್ನು ಕೇಳದೆ ಹೊರಡಬಹುದೇ?

ಪುಣೆಗೆ ಅವರ ಒಪ್ಪಿಗೆ ಇಲ್ಲದೆಯೂ ಹೋಗಲು ದಾರಿ ಇದೆ. ಕೋರ್ಟಿನ ಆದೇಶ ತಿದ್ದಿಸಿಕೊಳ್ಳದೆ ಮಾತ್ರ ಹೊರಡಬೇಡಿ.

ಮೊದಲು ಡಿಕ್ರಿಯನ್ನೂ (ವಿಚ್ಛೇದನದ ಆದೇಶ) ಅದಕ್ಕೆ ಲಗತ್ತಾದ ಜಂಟಿ ಮೆಮೊ ಅಥವಾ ಮಧ್ಯಸ್ಥಿಕೆಯ ಒಪ್ಪಂದವನ್ನೂ ತೆಗೆದು ಸಾಲು ಸಾಲಾಗಿ ಓದಿ. ‘ನ್ಯಾಯಾಲಯದ ಅನುಮತಿ ಇಲ್ಲದೆ ಮಗುವನ್ನು ಬೆಂಗಳೂರಿನಿಂದ ಹೊರಗೆ ಕರೆದೊಯ್ಯತಕ್ಕದ್ದಲ್ಲ’ ಎಂಬಂಥ ಷರತ್ತು ಎಲ್ಲೋ ಹತ್ತನೇ ಪ್ಯಾರಾದಲ್ಲಿ ಅಡಗಿರುತ್ತದೆ. ಸಹಿ ಹಾಕುವ ದಿನ ಯಾರೂ ಅದನ್ನು ಗಮನಿಸಿರುವುದಿಲ್ಲ. ಇದ್ದರೆ ಅನುಮತಿ ಬೇಕೇ ಬೇಕು. ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ, 1890ರ ಅಡಿಯಲ್ಲಿ ಕೋರ್ಟ್ ನಿಮ್ಮನ್ನು ಗಾರ್ಡಿಯನ್ (ಕಾನೂನುಬದ್ಧ ಪೋಷಕರು) ಎಂದು ನೇಮಿಸಿದ್ದರೆ ಷರತ್ತು ಬರೆದಿರದಿದ್ದರೂ 26ನೇ ಕಲಂ ಅನ್ವಯಿಸುತ್ತದೆ. ಆ ಕೋರ್ಟಿನ ವ್ಯಾಪ್ತಿ ದಾಟಿಸಲು ಅನುಮತಿ ಬೇಕು. ಕೋರ್ಟಿನ ಅಧಿಕಾರ ತಪ್ಪಿಸುವಂತೆ ಮಗುವನ್ನು ಸಾಗಿಸಿದರೆ 44ನೇ ಕಲಂ ಪ್ರಕಾರ ಸಾವಿರ ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸಿವಿಲ್ ಜೈಲು. ದಂಡದ ಮೊತ್ತ 1890ರ ಕಾಲದ್ದು, ನೋಡಿದರೆ ನಗು ಬರುತ್ತದೆ. ಆದರೆ ನಿಜವಾದ ಪೆಟ್ಟು ಸುಪರ್ದಿಯ ಮೇಲೆ ಬೀಳುತ್ತದೆ.

ಷರತ್ತೂ ಇಲ್ಲ, ಗಾರ್ಡಿಯನ್ ಆದೇಶವೂ ಇಲ್ಲ ಎಂದಿಟ್ಟುಕೊಳ್ಳಿ. ಊರು ಬದಲಿಸುವ ಮುನ್ನ ಇಷ್ಟು ದಿನದ ನೋಟಿಸ್ ಕೊಡಬೇಕು ಎಂಬ ನಿಯಮ ಮಗುವಿನ ಸುಪರ್ದಿಯ ಕಾಯ್ದೆಗಳಲ್ಲಿಲ್ಲ. ಹಾಗೆಂದು ನೀವು ಸ್ವತಂತ್ರರಲ್ಲ, ಏಕೆಂದರೆ ಶನಿವಾರದ ಭೇಟಿಯೂ ಕೋರ್ಟಿನ ಆದೇಶವೇ. ನೀವು ಪುಣೆಯಲ್ಲಿದ್ದರೆ ಅದು ನಡೆಯುವುದಿಲ್ಲ. ನಾಲ್ಕು ಶನಿವಾರ ತಪ್ಪಿದ ಮೇಲೆ ಅವರ ವಕೀಲರು ಆದೇಶ ಉಲ್ಲಂಘನೆಯ ಅರ್ಜಿ ಹಾಕುತ್ತಾರೆ, ಜೊತೆಗೆ ಸುಪರ್ದಿಯನ್ನೇ ಬದಲಿಸಿ ಎಂದೂ ಕೇಳುತ್ತಾರೆ. ‘ಜೀವನಾಂಶ ಕೊಡುತ್ತಿಲ್ಲ, ಅದಕ್ಕೇ ಮಗು ತೋರಿಸಲಿಲ್ಲ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಬಾಕಿ ಜೀವನಾಂಶಕ್ಕೆ ಬೇರೆ ಅರ್ಜಿ ಇದೆ.

ಆದ್ದರಿಂದ ನೀವೇ ಮೊದಲು ಕೋರ್ಟಿಗೆ ಹೋಗಿ. ಸುಪರ್ದಿಯ ಆದೇಶ ಎಂದೂ ಅಂತಿಮವಲ್ಲ; ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಡಿಕ್ರಿ ಆದ ನಂತರವೂ ಬದಲಿಸಲು ಕೇಳಬಹುದು. ಅವರು ಒಪ್ಪಿದರೆ ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊ ಸಲ್ಲಿಸಿ, ಅದನ್ನು ಆದೇಶವಾಗಿ ದಾಖಲಿಸಿಕೊಳ್ಳಿ, ದೃಢೀಕೃತ ಪ್ರತಿ ಪಡೆಯಿರಿ. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಕರಾರು ಕೋರ್ಟಿನ ಆದೇಶವನ್ನು ಬದಲಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಆಯ್ತು ಹೋಗಿ’ ಎಂದದ್ದೂ ಅಷ್ಟೇ, ನಾಳೆ ಅವರ ಮನಸ್ಸು ಬದಲಾದರೆ ಬರೀ ವಾದದ ಸರಕು.

ಒಪ್ಪದಿದ್ದರೆ ಅರ್ಜಿಯ ಜೊತೆ ಪ್ರಮಾಣಪತ್ರ (ಅಫಿಡವಿಟ್), ನೇಮಕಾತಿ ಪತ್ರ, ಪುಣೆಯ ಬಾಡಿಗೆ ಕರಾರು, ಅಲ್ಲಿನ ಶಾಲೆಯ ಸೀಟಿನ ದಾಖಲೆ ಇಡಿ. ಶಾಲೆ ಬಿಟ್ಟ ಮೇಲೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆಯಿರಿ, ಆ ಪ್ರಶ್ನೆ ಖಂಡಿತ ಬರುತ್ತದೆ. ಎಲ್ಲಕ್ಕಿಂತ ತೂಕದ ಪುಟ ಹೊಸ ಭೇಟಿ ಪಟ್ಟಿ. ತಿಂಗಳಿಗೊಂದು ವಾರಾಂತ್ಯ, ಬೇಸಿಗೆ ರಜೆಯ ಅರ್ಧ, ದಸರಾ ಒಂದು ವರ್ಷ ಅವರ ಬಳಿ, ದೀಪಾವಳಿ ನಿಮ್ಮ ಬಳಿ, ಮರುವರ್ಷ ಅದಲುಬದಲು, ವಾರಕ್ಕೆ ಮೂರು ದಿನ ಸಂಜೆ ನಿಗದಿತ ಹೊತ್ತಿಗೆ ವಿಡಿಯೊ ಕರೆ. ಪ್ರಯಾಣದ ಖರ್ಚು ಯಾರದು, ಮಗುವನ್ನು ಕರೆತರುವವರು ಯಾರು ಎಂಬುದೂ ಇರಲಿ. ಒಂದು ಕಡೆಯ ಟಿಕೆಟ್ ಖರ್ಚು ನಾನೇ ಹೊರುತ್ತೇನೆ ಎಂದು ನೀವು ಹೇಳಿದರೆ ಅವರ ಆಕ್ಷೇಪಣೆಯ ಅರ್ಧ ಬಲ ಅಲ್ಲೇ ಕುಸಿಯುತ್ತದೆ ಎಂಬುದು ನನ್ನ ಅಂದಾಜು. ನ್ಯಾಯಾಧೀಶರು ಅಳೆಯುವುದು ನಿಮ್ಮ ಸಂಬಳವನ್ನಲ್ಲ. ಊರು ಬಿಡುವುದು ಮಗುವಿನ ಹಿತಕ್ಕೋ, ತಂದೆಯನ್ನು ದೂರ ಮಾಡುವುದಕ್ಕೋ ಎಂದು ನೋಡುತ್ತಾರೆ. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಎಂಟರ ಮಗುವನ್ನು ಚೇಂಬರಿಗೆ ಕರೆದು ಮಾತಾಡಿಸುವುದುಂಟು. ಆಕೆಗೆ ಉತ್ತರ ಬಾಯಿಪಾಠ ಮಾಡಿಸಿ ಕಳಿಸಬೇಡಿ, ಅದು ತಕ್ಷಣ ಗೊತ್ತಾಗುತ್ತದೆ.

ಜೂನ್‌ಗೆ ಹೊಸ ಶಾಲೆ ಸೇರಿಸಬೇಕಿದ್ದರೆ ಡಿಸೆಂಬರ್ ಒಳಗೆ ಅರ್ಜಿ ಹಾಕಿ. ಆಕ್ಷೇಪಣೆ, ಮಧ್ಯಸ್ಥಿಕೆ, ಕೋರ್ಟಿನ ಬೇಸಿಗೆ ರಜೆ ಸೇರಿದರೆ ತಿಂಗಳುಗಳು ಉರುಳುತ್ತವೆ. ‘ಮೊದಲು ಹೋಗಿಬಿಡೋಣ, ಆಮೇಲೆ ಅನುಮತಿ’ ಎಂಬ ದಾರಿ ಕೆಡುವುದು ಹೀಗೆ: 1890ರ ಕಾಯ್ದೆಯ 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೆ ಅಧಿಕಾರ. ನಿನ್ನೆ ಮೊನ್ನೆ ಪುಣೆಗೆ ಹೋದ ಮಗುವಿನ ಊರು ಬೆಂಗಳೂರೇ ಎಂದು ವಾದ ಬರುತ್ತದೆ, ಕೇಸು ಇಲ್ಲೇ ನಡೆಯುತ್ತದೆ, ನೀವು ಪ್ರತಿ ದಿನಾಂಕಕ್ಕೂ ರೈಲು ಹತ್ತುತ್ತೀರಿ.

ಕೇಸೇ ಹಾಕದೆ ಬೇರೆ ವಾಸವಿರುವವರಿಗೂ ಒಂದು ಮಾತು. ಉಲ್ಲಂಘಿಸಲು ಅಲ್ಲಿ ಆದೇಶವಿಲ್ಲ, ನಿಜ. ಆದರೆ ಕೋರ್ಟ್ ಮೆಟ್ಟಿಲು ಹತ್ತಿದ ದಿನ ನೀವು ಹೊರಟ ರೀತಿಯನ್ನೇ ಮೊದಲು ಕೇಳುತ್ತಾರೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆ ಹೇಳಿದರೂ ‘ಸಾಮಾನ್ಯವಾಗಿ’ ಎಂಬ ಪದ ಅಲ್ಲಿದೆ.

ಜರ್ಮನಿಯ ವಿಷಯ ಬೇರೆಯೇ. ಮಗುವಿನ ಪಾಸ್‌ಪೋರ್ಟ್‌ಗೆ ಇಬ್ಬರೂ ಒಪ್ಪಿದರೆ ಅನುಬಂಧ ಡಿ ಎಂಬ ಘೋಷಣೆಯ ನಮೂನೆ, ಒಬ್ಬರ ಒಪ್ಪಿಗೆ ಇಲ್ಲದಿದ್ದರೆ ಅನುಬಂಧ ಸಿ. ಪಾಸ್‌ಪೋರ್ಟ್ ಸಿಕ್ಕಿತೆಂದರೆ ಕರೆದೊಯ್ಯುವ ಅನುಮತಿ ಸಿಕ್ಕಿತು ಎಂದಲ್ಲ. ವೀಸಾ ಹಂತದಲ್ಲೂ ತಂದೆಯ ಒಪ್ಪಿಗೆ ಪತ್ರ ಅಥವಾ ಕೋರ್ಟ್ ಆದೇಶ ಕೇಳಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಹೋದರೆ ವಾಪಸ್ ತರಿಸಲು ಆ ಒಪ್ಪಂದದ ನೆರವು ತಂದೆಗೆ ಸಿಗುವುದಿಲ್ಲ, ಆದ್ದರಿಂದ ಇಲ್ಲಿನ ನ್ಯಾಯಾಧೀಶರು ಮುಚ್ಚಳಿಕೆ, ಭದ್ರತೆ, ಕೆಲವೊಮ್ಮೆ ಆ ದೇಶದ ಕೋರ್ಟಿನಿಂದ ಅದೇ ಷರತ್ತುಗಳ ‘ಮಿರರ್ ಆರ್ಡರ್’ ಕೇಳುತ್ತಾರೆ. ಮಿರರ್ ಆರ್ಡರ್ ಇದ್ದರೂ ಪೂರ್ತಿ ಭರವಸೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತಿನ ಮೇಲೆ ಒಬ್ಬ ಹುಡುಗನನ್ನು ಕೀನ್ಯಾದ ತಂದೆಗೆ ಒಪ್ಪಿಸಿತು; ತಂದೆ ಷರತ್ತು ಮುರಿದ ಕಾರಣ 2021ರಲ್ಲಿ ಆ ಆದೇಶವನ್ನೇ ಹಿಂಪಡೆಯಬೇಕಾಯಿತು. ಅದಾದ ಮೇಲೆ ‘ನಂಬಿ, ವಾಪಸ್ ಬರುತ್ತೇವೆ’ ಎಂಬ ಮಾತಿಗೆ ಬೆಲೆ ಕಡಿಮೆ.

ನನ್ನ ಸಲಹೆ, ಈಗ ಪುಣೆಗಷ್ಟೇ ಅನುಮತಿ ಕೇಳಿ. ವಿದೇಶವನ್ನೂ ಅದೇ ಅರ್ಜಿಗೆ ತುರುಕಿದರೆ ಸುಲಭದ ಕೋರಿಕೆಯೂ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಜರ್ಮನಿಯ ಮಾತು ಈಗಾಗಲೇ ಖಚಿತವಾಗಿದ್ದರೆ ಮುಚ್ಚಿಡಬೇಡಿ. ಆರು ತಿಂಗಳಿಗೆ ಅದು ಹೊರಬಂದರೆ ಪುಣೆಯ ಅರ್ಜಿಯೇ ನೆಪವಾಗಿತ್ತು ಎನ್ನುತ್ತಾರೆ.