'ಮಸ್ಟ್' ಎಂಬ ಇಂಗ್ಲಿಷ್ ಪದದ ಅರ್ಥ ಏನು? 'ಮಸ್ಟ್ ನಾಟ್' ಅಂದರೆ 'ಬೇಕಾಗಿಲ್ಲ' ಅಂತಲಾ?

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದೀನಿ, ಆಫೀಸಿನ ಮೇಲ್‌ಗಳಲ್ಲಿ ಬರುವ 'ಮಸ್ಟ್' ಮತ್ತು 'ಮಸ್ಟ್ ನಾಟ್' ಗೊಂದಲ ಮಾಡುತ್ತವೆ ಎಂದು ಕೇಳಿದ್ದೀರಿ. ನಾನು ವಿಜಯನಗರದಲ್ಲಿ ಸಂಜೆ ಹೊತ್ತು ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ.

'ಮಸ್ಟ್ ನಾಟ್' ಅಂದರೆ 'ಬೇಕಾಗಿಲ್ಲ' ಅಲ್ಲವೇ ಅಲ್ಲ. 'ಕೂಡದು' ಅಂತ. ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ, ಮಿಕ್ಕಿದ್ದು ನಿಧಾನಕ್ಕೆ ಬಂದರೂ ಪರವಾಗಿಲ್ಲ.

'ಯು ಮಸ್ಟ್ ಗೋ' ಅಂದರೆ ನೀವು ಹೋಗಲೇಬೇಕು. 'ಯು ಹ್ಯಾವ್ ಟು ಗೋ' ಅಂದರೂ ಹೆಚ್ಚುಕಡಿಮೆ ಅದೇ. ಆದರೆ 'ನಾಟ್' ಸೇರಿದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. 'ಯು ಮಸ್ಟ್ ನಾಟ್ ಗೋ' ಅಂದರೆ ಹೋಗಕೂಡದು. 'ಯು ಡೋಂಟ್ ಹ್ಯಾವ್ ಟು ಗೋ' ಅಂದರೆ ಹೋಗಬೇಕಾಗಿಲ್ಲ, ಹೋದರೆ ತಪ್ಪೂ ಇಲ್ಲ. 'ಬೆಂಕಿ ಬಿದ್ದಾಗ ಯು ಮಸ್ಟ್ ನಾಟ್ ಯೂಸ್ ದ ಲಿಫ್ಟ್' ಎಂಬ ಬೋರ್ಡನ್ನು 'ಲಿಫ್ಟ್ ಬಳಸಬೇಕಾಗಿಲ್ಲ' ಅಂತ ಓದಿಕೊಂಡರೆ ಏನಾಗಬಹುದು ಯೋಚಿಸಿ. ಪ್ರಾಣದ ಪ್ರಶ್ನೆ ಅದು. ಅದಕ್ಕೇ ನಾನು ಇದನ್ನು ಬರೀ ವ್ಯಾಕರಣ ಅಂತ ಹೇಳಿಕೊಡುವುದಿಲ್ಲ.

ಒಳ್ಳೆಯ ಸಂಗತಿ ಅಂದರೆ, ಈ ವ್ಯತ್ಯಾಸ ನಿಮಗೆ ಹೊಸದೇನಲ್ಲ. 'ಬರಬಾರದು' ಮತ್ತು 'ಬರಬೇಕಾಗಿಲ್ಲ' ಎರಡನ್ನೂ ನಾವು ಚಿಕ್ಕಂದಿನಿಂದ ಕಲಸಿಕೊಳ್ಳದೆ ಆಡುತ್ತಿದ್ದೇವೆ. ಮೇಲ್ ಓದುವಾಗ ಈ ಎರಡರಲ್ಲಿ ಯಾವುದು ಅಂತ ಕನ್ನಡದಲ್ಲೇ ಕೇಳಿಕೊಳ್ಳಿ.

ಕನ್ನಡ ನಮಗೆ ಕೈಕೊಡುವುದು ಇನ್ನೊಂದು ಕಡೆ. ನಮ್ಮ 'ಬೇಕು' ತುಂಬಾ ದೊಡ್ಡ ಪದ. 'ನನಗೆ ಟೀ ಬೇಕು', 'ನನಗೆ ಮೈಸೂರು ನೋಡಬೇಕು', 'ನಾಳೆ ಎಂಟಕ್ಕೆ ಡ್ಯೂಟಿಗೆ ಹೋಗಬೇಕು', ಎಲ್ಲಕ್ಕೂ ಅದೇ. ಇದರಲ್ಲಿ ಮೊದಲ ಎರಡು ಆಸೆ, ಇಂಗ್ಲಿಷಿನಲ್ಲಿ 'ವಾಂಟ್'. ಮೂರನೆಯದು ಮಾತ್ರ 'ಮಸ್ಟ್' ಅಥವಾ 'ಹ್ಯಾವ್ ಟು'. ಅನುಮಾನ ಬಂದಾಗ 'ಹೋಗಲೇಬೇಕು, ಬೇರೆ ದಾರಿ ಇಲ್ಲ' ಅಂತ ಹೇಳಿ ನೋಡಿ. ನೀವು ಹೇಳಹೊರಟಿದ್ದು ಅದೇ ಆಗಿದ್ದರೆ 'ಮಸ್ಟ್' ಹಾಕಿ.

'ಮಸ್ಟ್'ಗೆ ಒತ್ತಾಯವೇ ಇಲ್ಲದ ಅರ್ಥವೂ ಇದೆ, ಅದು ಊಹೆ. ಗೆಳೆಯ ಇನ್ನೂ ಬಂದಿಲ್ಲ. 'ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿರಬೇಕು' ಅಂತೀವಿ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ: 'ಹಿ ಮಸ್ಟ್ ಬಿ ಸ್ಟಕ್ ಅಟ್ ಸಿಲ್ಕ್ ಬೋರ್ಡ್'. ಅವನು ಅಲ್ಲಿ ನಿಲ್ಲಲೇಬೇಕು ಅಂತ ಯಾರೂ ಹೇಳುತ್ತಿಲ್ಲ. ಆದರೆ 'ಅವನು ಅಲ್ಲಿ ಇರಲು ಸಾಧ್ಯವೇ ಇಲ್ಲ' ಅನ್ನಲು ಸಾಮಾನ್ಯವಾಗಿ 'ಕಾಂಟ್ ಬಿ' ಬಳಸುತ್ತಾರೆ.

ನಿನ್ನೆ ಮೊನ್ನೆಯ ಮಾತಿಗೆ ಬಂದರೆ, 'ಮಸ್ಟ್'ಗೆ ಭೂತಕಾಲದ ಬೇರೆ ರೂಪ ಇಲ್ಲ. ಕಾರಣ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ 'ಮೋಟನ್' ಎಂಬ ಕ್ರಿಯಾಪದ ಇತ್ತು, ಅದರ ಭೂತಕಾಲದ ರೂಪ 'ಮೋಸ್ಟೆ'. ಅದೇ ಸವೆದು 'ಮಸ್ಟ್' ಆಗಿ ವರ್ತಮಾನಕ್ಕೆ ಬಂದು ಕೂತಿತು. ಹಾಗಾಗಿ 'ನಿನ್ನೆ ಹೋಗಬೇಕಾಯಿತು' ಅನ್ನಲು 'ಹ್ಯಾಡ್ ಟು ಗೋ' ಅನ್ನಬೇಕು. 'ಮಸ್ಟ್ ಹ್ಯಾವ್ ಗಾನ್' ಅಂದರೆ 'ಹೋಗಿರಬೇಕು', ಅದು ಮತ್ತೆ ಊಹೆಯೇ.

ಕಾನೂನಿನ ಭಾಷೆಯಲ್ಲಿ 'ಮಸ್ಟ್' ಹುಡುಕಿದರೆ ಜಾಸ್ತಿ ಸಿಗುವುದಿಲ್ಲ. ನಮ್ಮ ಕಾಯ್ದೆಗಳಲ್ಲಿ ಆ ಕೆಲಸವನ್ನು 'ಶಲ್' ಮಾಡುತ್ತದೆ. ಹೆಲ್ಮೆಟ್ ಹಾಕಿಕೊಳ್ಳಬೇಕು ಎನ್ನುವ 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲೂ ಇರುವುದು 'ಶಲ್'. ನಮ್ಮ ಬೀದಿಯಲ್ಲಿ ಮಾತ್ರ ಅದು 'ಹೆಲ್ಮೆಟ್ ಮಸ್ಟ್'. ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಕಡೆ 'ಎ' ಸೇರಿಸಿ: 'ಎ ಹೆಲ್ಮೆಟ್ ಈಸ್ ಎ ಮಸ್ಟ್'.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ಮದುವೆಗೆ ಕರೆಯುವಾಗ 'ನೀವು ಬರಲೇಬೇಕು' ಅಂದರೆ ಅದು ಪ್ರೀತಿ. ಇಂಗ್ಲಿಷಿನಲ್ಲೂ 'ಯು ಮಸ್ಟ್ ಕಮ್' ಅನ್ನುವುದರಲ್ಲಿ ಆ ಪ್ರೀತಿ ಇದೆ. ಆದರೆ ಮ್ಯಾನೇಜರ್‌ಗೆ 'ಯು ಮಸ್ಟ್ ಅಪ್ರೂವ್ ಮೈ ಲೀವ್' ಅಂತ ಬರೆದರೆ ಅದು ಅಪ್ಪಣೆ ಆಗಿಬಿಡುತ್ತದೆ. ಬರೆದವರ ಮನಸ್ಸಿನಲ್ಲಿ ಸೊಕ್ಕು ಇರುವುದಿಲ್ಲ, ಆದರೆ ಓದುವವರಿಗೆ ಹಾಗೆ ಕೇಳಿಸುತ್ತದೆ. ಊರಿನಿಂದ ಬಂದ ಹುಡುಗರನ್ನು ಈ ಒಂದು ಪದಕ್ಕಾಗಿ ಒರಟರು ಅಂದುಕೊಳ್ಳುವುದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

'ಕುಡ್ ಯು ಪ್ಲೀಸ್ ಅಪ್ರೂವ್ ಮೈ ಲೀವ್?' ಅಂತ ಬರೆಯಿರಿ. ಕಾರಣ ಹೇಳುವಾಗ ನಿಮ್ಮ ಬಗ್ಗೆ 'ಹ್ಯಾವ್ ಟು' ಬಳಸಿ: 'ಐ ಹ್ಯಾವ್ ಟು ಟೇಕ್ ಮೈ ಮದರ್ ಟು ದ ಹಾಸ್ಪಿಟಲ್'. 'ಮಸ್ಟ್' ಅಂದರೆ ಹೇಳುವವರೇ ಹಾಕುವ ಒತ್ತಾಯ. 'ಹ್ಯಾವ್ ಟು' ಅಂದರೆ ಪರಿಸ್ಥಿತಿ ಹಾಕುವ ಒತ್ತಾಯ, ನಾವು 'ಹೋಗಬೇಕಾಗಿದೆ' ಅಂತೀವಲ್ಲ, ಹಾಗೆ. ಎಲ್ಲ ಕಡೆಯೂ ಈ ಗೆರೆ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ, ಆದರೆ ರಜೆ ಕೇಳುವ ಮೇಲ್‌ಗೆ ಇಷ್ಟು ಸಾಕು.