ಪುಟ್ಟ ಎಚಿಂಗ್‌ನಲ್ಲಿ ಹುಲ್ಲು, ಎಲೆ, ಉಣ್ಣೆ ಬೇರೆ ಬೇರೆಯಾಗಿ ಕಾಣುವುದು ಹೇಗೆ?

ನಿಮ್ಮ ಬಳಿಯಿರುವ ಅಂಗೈಯಗಲದ ಎಚಿಂಗ್‌ನಲ್ಲಿ (ಮೇಣ ಲೇಪಿಸಿದ ಲೋಹದ ತಗಡಿನ ಮೇಲೆ ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ರಾಸಾಯನಿಕ ದ್ರಾವಣದಲ್ಲಿ ಕೊರೆಸಿ, ಅವುಗಳಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರದಲ್ಲಿ) ಕುರಿ, ಹುಲ್ಲು, ಗಿಡ ಎಲ್ಲವೂ ಬರೀ ಕಪ್ಪು ಗೆರೆಗಳಾಗಿದ್ದರೂ ಒಂದೊಂದರ ಮೈಯೂ ಬೇರೆಯಾಗಿ ಕಾಣುತ್ತದೆ, ನೀವು ಮಾಡಿದಾಗ ಮಾತ್ರ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತದೆ, ಏಕೆ ಎಂದು ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಇದೇ ಕೆಲಸದಲ್ಲಿ ತೊಡಗಿರುವವನಾಗಿ ಹೇಳುವುದಾದರೆ, ಗೆರೆಗಿಂತ ಗೆರೆಗಳ ನಡುವೆ ಉಳಿಯುವ ಕಾಗದಕ್ಕೆ ಹೆಚ್ಚು ಗಮನ ಕೊಡಬೇಕು.

ಗೆರೆಗಳನ್ನು ತೀರ ಒತ್ತೊತ್ತಾಗಿ ಎಳೆದರೆ ದ್ರಾವಣವು ಅವುಗಳ ನಡುವಿನ ಲೋಹದ ಸಣ್ಣ ಬದುಗಳನ್ನೂ ತಿಂದುಹಾಕುತ್ತದೆ. ಆಗ ಉಳಿಯುವ ಅಗಲವಾದ, ಆಳವಿಲ್ಲದ ತಗ್ಗಿನಲ್ಲಿ ಶಾಯಿ ನಿಲ್ಲದೆ ಒರೆಸುವ ಬಟ್ಟೆಗೆ ಬಂದುಬಿಡುವುದರಿಂದ, ಕಪ್ಪಾಗಬೇಕಿದ್ದ ನೆರಳು ಮಂಕಾಗುತ್ತದೆ. ನೈಟ್ರಿಕ್ ಆಮ್ಲ ಗೆರೆಯನ್ನು ಅಗಲವಾಗಿಯೂ ಕೊರೆಯುತ್ತದೆ. ಸಣ್ಣ ಚಿತ್ರಕ್ಕೆ ತಾಮ್ರದ ತಗಡು ಮತ್ತು ಫೆರಿಕ್ ಕ್ಲೋರೈಡ್ ದ್ರಾವಣ ಉತ್ತಮ, ಅಂಚು ಚೊಕ್ಕವಾಗಿ ಬರುತ್ತದೆ.

ದೂರ ಮತ್ತು ಹತ್ತಿರದ ವ್ಯತ್ಯಾಸವನ್ನು ಸೂಜಿಯ ಒತ್ತಡದಿಂದ ತರಲು ಹೋಗಬೇಡಿ. ದೂರದ ಗುಡ್ಡದ ಗೆರೆಗಳು ತುಸುವೇ ಕೊರೆದ ಕೂಡಲೇ ತಗಡನ್ನು ಹೊರತೆಗೆದು, ತೊಳೆದು ಒಣಗಿಸಿ, ಅಷ್ಟು ಭಾಗ ಮತ್ತೆ ಕೊರೆಯದಂತೆ ವಾರ್ನಿಶ್ ಹಚ್ಚಿ, ಮುಂದಿನ ಹುಲ್ಲು ಇನ್ನಷ್ಟು ಆಳವಾಗುವಂತೆ ಮತ್ತೆ ಅದ್ದಬೇಕು. ಇಂಗ್ಲೆಂಡಿನ ಕಲಾವಿದ ಸ್ಯಾಮ್ಯುಯೆಲ್ ಪಾಮರ್ 1850ರಲ್ಲಿ ಮಾಡಿದ ‘ದ ಹರ್ಡ್ಸ್‌ಮನ್ಸ್ ಕಾಟೇಜ್’ ಎಂಬ ಎಚಿಂಗ್ ಸುಮಾರು 10 ಸೆಂ.ಮೀ. ಎತ್ತರದ್ದು, ಅದರ ತುಂಬ ಗೆರೆಗಳಿದ್ದರೂ, ಎಲೆಗಳ ಸಂದಿಯಲ್ಲಿ ಬಿಟ್ಟ ಕಾಗದದ ಚುಕ್ಕೆಗಳಿಂದಾಗಿ ಬೆಳಕು ಎಲ್ಲಿಯೂ ಸತ್ತಿಲ್ಲ.

ನಮ್ಮ ಕಡೆಯ ಚಿತ್ರಕ್ಕೆ ಮಾತ್ರ ಒಂದು ತೊಡಕಿದೆ. ಬಿಳಿ ಕುರಿಯಾದರೆ ಬೆನ್ನನ್ನು ಖಾಲಿ ಬಿಟ್ಟು ಹೊಟ್ಟೆಯ ಕೆಳಗೆ ನಾಲ್ಕು ಸುರುಳಿ ಗೆರೆ ಹಾಕಿದರೂ ಉಣ್ಣೆ ಕಾಣುತ್ತದೆ, ಆದರೆ ಮಲಪ್ರಭೆಯ ದಂಡೆಯಲ್ಲಿ ಮೇಯುವ ದಖ್ಖನಿ ಕುರಿ ಹೆಚ್ಚಾಗಿ ಕರಿಯದು. ಅದನ್ನು ಅಡ್ಡಗೆರೆಗಳ ಜಾಲರಿಯಿಂದ ತುಂಬಿದರೆ ಕುರಿ ಬಂಡೆಯಾಗುತ್ತದೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಮೈಯ ಉಬ್ಬನ್ನು ಅನುಸರಿಸಿ ಇಳಿಯುವ ಗಿಡ್ಡ, ಬಾಗಿದ ಗೆರೆಗಳನ್ನು ಬಿಡಿಬಿಡಿಯಾಗಿ ಹಾಕಿ ಹೆಚ್ಚು ಹೊತ್ತು ಕೊರೆಯಲು ಬಿಡಿ; ಬೆನ್ನಿನ ಮೇಲೆ ಒಂದೆಳೆ ಕಾಗದ ಉಳಿಯಲಿ, ಹಿಂದಿನ ನೆಲ ಬಹುತೇಕ ಖಾಲಿಯಿರಲಿ. ಜಾಲಿಗಿಡಕ್ಕೆ ಎಲೆ ಬರೆಯುವ ಅಗತ್ಯವೇ ಇಲ್ಲ, ಮುಳ್ಳುಕೊಂಬೆಗಳ ಸುತ್ತ ಚದುರಿದ ಚುಕ್ಕೆಗಳು ಸಾಕು. ಬೇಸಿಗೆಯ ಮಧ್ಯಾಹ್ನದ ಆಕಾಶಕ್ಕಂತೂ ಗೆರೆಯೇ ಬೇಡ.

ತಗಡು ಹಿಡಿಯುವ ಮೊದಲು ನಿಮ್ಮ ಬಳಿಯಿರುವ ಆ ಎಚಿಂಗ್ ಅನ್ನು ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿ. ಆಳವಾಗಿ ಕೊರೆದ ಗೆರೆಯ ಶಾಯಿ ಕಾಗದದ ಮೇಲೆ ತುಸು ಉಬ್ಬಿ ನಿಂತಿರುತ್ತದೆ, ದೂರದ ಗೆರೆಗಳಲ್ಲಿ ಆ ಉಬ್ಬು ಇರುವುದಿಲ್ಲ. ಕಲಾವಿದರು ಎಷ್ಟು ಹಂತಗಳಲ್ಲಿ ಕೊರೆದಿರಬಹುದು ಎಂಬುದನ್ನು ಅದರಿಂದ ಅಂದಾಜು ಮಾಡಬಹುದು.