ತೋಟದ ಕಾಫಿ ಪುಡಿಗೆ ಯಾವ ಜಾಲತಾಣ?

ನಮಸ್ಕಾರ. ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ನೇರವಾಗಿ ಮಾರಲು ಹೊರಟಿರುವ ಸಕಲೇಶಪುರದ ಸಹೋದರಿಯೊಬ್ಬರು, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೂರರಲ್ಲೂ ಒಟ್ಟಿಗೇ ಖಾತೆ ತೆರೆಯಬೇಕೇ ಎಂದು ಕೇಳಿದ್ದಾರೆ. ಬೇಡ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪೊಟ್ಟಣದಲ್ಲಿರುವುದು ಚಿಕೋರಿ (ಹುರಿದು ಪುಡಿ ಮಾಡಿದ ಒಂದು ಬಗೆಯ ಬೇರು) ಬೆರೆಸಿದ ಫಿಲ್ಟರ್ ಪುಡಿಯೋ, ಅಪ್ಪಟ ಅರೇಬಿಕಾ ತಳಿಯ ಕಾಫಿಯೋ ಎಂಬುದನ್ನು ನೀವು ತಿಳಿಸಿಲ್ಲ. ಎಲ್ಲಿಗೆ ಹೋಗಬೇಕೆಂಬುದು ಅದರ ಮೇಲೆಯೇ ನಿಂತಿದೆ.

ಫಿಲ್ಟರ್ ಪುಡಿಯಾದರೆ ಫೇಸ್‌ಬುಕ್ಕಿನಿಂದ ಆರಂಭಿಸಿ. ನಾನು ಕಂಡಂತೆ ಅಲ್ಲಿ ಇಂದಿಗೂ ಬಿಡದೆ ಓದುವವರು ನಡುವಯಸ್ಸು ದಾಟಿದವರು, ಅದರಲ್ಲೂ ಊರು ಬಿಟ್ಟು ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಮಲೆನಾಡಿನವರು. ಕನ್ನಡದಲ್ಲಿ ನಾಲ್ಕು ಪ್ಯಾರಾ ಬರೆದರೂ ಅವರು ಕೊನೆಯವರೆಗೆ ಓದುತ್ತಾರೆ; ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು ಬಿತ್ತೆಂದು ನೀವು ಬರೆದರೆ ತಮ್ಮೂರಿನ ಮಳೆಯ ಲೆಕ್ಕವನ್ನು ಕೆಳಗೆ ಸೇರಿಸುತ್ತಾರೆ. ಅವರು ಮೊದಲು ಕೇಳುವುದೇ ಚಿಕೋರಿ ಎಷ್ಟು ಎಂದು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದ್ದು, ಎರಡರ ಪ್ರಮಾಣವನ್ನೂ ಲೇಬಲ್ಲಿನಲ್ಲಿ ನಮೂದಿಸಬೇಕಾಗಿರುವುದರಿಂದ, ಆ ಲೇಬಲ್ಲನ್ನೇ ಹತ್ತಿರದಿಂದ ಫೋಟೊ ತೆಗೆದು ಹಾಕುವುದು ಒಳ್ಳೆಯದು.

ಅಪ್ಪಟ ಅರೇಬಿಕಾ ಆದರೆ ಇನ್‌ಸ್ಟಾಗ್ರಾಂ ಸೂಕ್ತ. 2020ರ ಜೂನ್ ಕೊನೆಯಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂನ ಕಿರುವಿಡಿಯೊಗಳಾದ ರೀಲ್ಸ್ ಇಲ್ಲಿಗೆ ಬಂದ ಮೇಲೆ ಕಿರುವಿಡಿಯೊ ನೋಡುವ ಯುವಜನರಲ್ಲಿ ಬಹಳಷ್ಟು ಮಂದಿ ಅಲ್ಲಿಗೆ ಬಂದರು. ನಿಮ್ಮನ್ನು ಫಾಲೋ ಮಾಡದವರಿಗೂ ರೀಲ್ಸ್ ಕಾಣಿಸುವುದರಿಂದ ಹೊಸ ಖಾತೆಗೂ ಅವಕಾಶವಿದೆ. ನಮ್ಮ ಹೋಂಸ್ಟೇಗಳಿಗೆ ಬರುವ, ಮನೆಯಲ್ಲಿ ಫ್ರೆಂಚ್ ಪ್ರೆಸ್ ಇಟ್ಟುಕೊಂಡಿರುವ ಈ ಗಿರಾಕಿಗಳು ತೋಟದ ಎತ್ತರ, ಸಂಸ್ಕರಣೆಯ ವಿಧಾನ, ಹುರಿದ ದಿನಾಂಕ ಕೇಳುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಲೋಳೆ ಅಂಟಿಕೊಂಡೇ ಹೊರಬೀಳುವ ಬೀಜ, ಕಣದಲ್ಲಿ ಪಾರ್ಚ್‌ಮೆಂಟನ್ನು (ಒಳಸಿಪ್ಪೆ ಇರುವ ಬೀಜವನ್ನು) ಹರವಿ ಕೈಯಾಡಿಸುವಾಗಿನ ಸದ್ದು, ಇವನ್ನು ಹಾಡು ಸೇರಿಸದೆ ಅರ್ಧ ನಿಮಿಷ ತೋರಿಸಿ. ನಮಗೆ ದಿನನಿತ್ಯದ ಈ ಕೆಲಸವನ್ನು ಅವರಲ್ಲಿ ಅನೇಕರು ಕಣ್ಣಾರೆ ಕಂಡಿಲ್ಲ. ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕನ್ನು ಒತ್ತಿದರೆ ತೆರೆದುಕೊಳ್ಳುವುದಿಲ್ಲವಾದ್ದರಿಂದ ಅದನ್ನು ಪ್ರೊಫೈಲಿನಲ್ಲಿ ಇಡಿ.

ಯೂಟ್ಯೂಬನ್ನು ಮುಂದಿನ ಕೊಯ್ಲಿನವರೆಗೆ ಮುಂದೂಡಬಹುದು. ಅಲ್ಲಿಗೆ ಜನ ಏನನ್ನಾದರೂ ಹುಡುಕಿಕೊಂಡು ಬರುತ್ತಾರೆ. ಗಟ್ಟಿ ಡಿಕಾಕ್ಷನ್ ಇಳಿಸುವ ಬಗೆಯನ್ನು ಚೆನ್ನಾಗಿ ತೋರಿಸಿದ ವಿಡಿಯೊ ವರ್ಷಗಳ ನಂತರವೂ ನೋಡುಗರನ್ನು ತರುತ್ತದೆ, ಆದರೆ ಅದಕ್ಕೆ ಬೇಕಾದ ಸಮಯ ಕೊಯ್ಲಿನ ನಡುವೆ ಯಾರಿಗೂ ಸಿಗುವುದಿಲ್ಲ. ಎಕ್ಸ್ ಮತ್ತು ಲಿಂಕ್ಡ್‌ಇನ್ ಚಿಲ್ಲರೆ ಮಾರಾಟಕ್ಕೆ ಅಗತ್ಯವಿಲ್ಲ. ಕಚೇರಿಗಳಿಗೋ ಕೆಫೆಗಳಿಗೋ ಸಗಟಾಗಿ ಕೊಡುವುದಾದರೆ ಮಾತ್ರ ಲಿಂಕ್ಡ್‌ಇನ್ ನೋಡಿ.

ಗಿರಾಕಿ ಎಲ್ಲಿಂದ ಬಂದರೂ ವ್ಯಾಪಾರ ಕುದುರುವುದು ಹೆಚ್ಚಾಗಿ ವಾಟ್ಸ್ಆಪ್‌ನಲ್ಲಿ. ಬಿಸಿನೆಸ್ ಆಪ್ ಹಾಕಿಕೊಂಡು ಕ್ಯಾಟಲಾಗಿನಲ್ಲಿ ತೂಕ, ಬೆಲೆ ನಮೂದಿಸಿ. ಕಾಳುಮೆಣಸು, ಜೇನು ಇದ್ದರೆ ಅವೂ ಅಲ್ಲೇ ಇರಲಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಆದ್ದರಿಂದ ಮೊದಲ ಪಾರ್ಸೆಲ್ಲಿನಲ್ಲೇ, ನಂಬರನ್ನು ಯಾವ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಬೇಕೆಂದು ಬರೆದ ಚೀಟಿಯೊಂದನ್ನು ಇಡಿ, ಪುಡಿ ಮುಗಿಯುವ ಹೊತ್ತಿಗೆ ಒಂದೇ ಒಂದು ಸಂದೇಶ ಕಳಿಸಿ. ಪೊಟ್ಟಣ ಯಾವುದೆಂದು ತಿಳಿಸಿದರೆ, ಮೊದಲ ಪೋಸ್ಟಿನ ಒಕ್ಕಣೆಯನ್ನು ಇಲ್ಲೇ ಕೂಡಿ ಸಿದ್ಧಪಡಿಸೋಣ.